ಕಂಬ ನೋಡೋ ಚಟ: ಫ್ಯೂರಿ 325 ಅನ್ನೋ ರೋಲರ್ ಕೋಸ್ಟರ್ ಎದ್ದು ನಿಂತಿದ್ದನ್ನ ನೋಡಿದ ಕಥೆ

ಅಮೆರಿಕದಲ್ಲಿ ನೆಲದಿಂದ 200 ಅಡಿಗಿಂತ ಎತ್ತರ ಏನೇ ಕಟ್ಟೋದಿದ್ರೂ, ಅದು ಮೊಬೈಲ್ ಟವರ್ ಆಗ್ಲಿ ಆಫೀಸ್ ಬಿಲ್ಡಿಂಗ್ ಆಗ್ಲಿ, ಎಫ್‌ಎಎ ಅಂತ ವಿಮಾನ ಹಾರಾಟದ ಇಲಾಖೆ ಇದ್ಯಲ್ಲ, ಅವ್ರಿಗೆ ಮೊದ್ಲೇ ಅರ್ಜಿ ಹಾಕಿ ತಿಳಿಸ್ಬೇಕು, ಎಲ್ಲಿ ಕಟ್ತೀವಿ, ಎಷ್ಟು ಎತ್ತರ ಅಂತೆಲ್ಲ. ಆ ಅರ್ಜಿಗಳನ್ನ ಯಾರು ಬೇಕಾದ್ರೂ ತೆಗೆದು ನೋಡಬಹುದು. ಹಾಗಾಗಿ ಥೀಮ್ ಪಾರ್ಕಿನವ್ರು ಎಷ್ಟೇ ಬಾಯಿ ಮುಚ್ಕೊಂಡಿದ್ರೂ ದೊಡ್ಡ ರೋಲರ್ ಕೋಸ್ಟರ್ ಬರ್ತಿದೆ ಅನ್ನೋ ಸುದ್ದಿ ಗುಟ್ಟಾಗಿ ಉಳಿಯೋದು ಕಷ್ಟ. ಅರ್ಜಿ ನೋಡೋರು ಒಂದಷ್ಟು ಜನ, ಟ್ರೇಡ್‌ಮಾರ್ಕ್ ಕಚೇರೀಲಿ ಯಾವ ಹೊಸ ಹೆಸರು ರಿಜಿಸ್ಟರ್ ಆಯ್ತು ಅಂತ ಕಾಯೋರು ಒಂದಷ್ಟು ಜನ, ಕೌಂಟಿ ಆಫೀಸಿಗೆ ಹೋಗಿ ಕಟ್ಟಡದ ಪ್ಲಾನ್ ಕೇಳೋರು ಇನ್ನೊಂದಷ್ಟು ಜನ, ಇವ್ರೆಲ್ಲ ಸಂಬಳ ಇಲ್ದೇ ಈ ಕೆಲ್ಸ ಮಾಡ್ತಾರೆ. ಮೊದ್ಲು ಕೇಳಿದಾಗ ಮಾಡೋಕೆ ಬೇರೆ ಬದುಕಿಲ್ವ ಇವ್ರಿಗೆ ಅಂದ್ಕೊಂಡಿದ್ದೆ, ಆಮೇಲೆ ನಾನೇ ಆ ಸಾಲಲ್ಲಿ ನಿಂತೆ.

ನಾವಿದ್ದಿದ್ದು ಫೋರ್ಟ್ ಮಿಲ್‌ನಲ್ಲಿ, ಅದು ಸೌತ್ ಕ್ಯಾರೊಲೈನಾ. ಆಫೀಸು ಶಾರ್ಲಟ್ ಅಪ್‌ಟೌನ್‌ನಲ್ಲಿ, ಅದು ನಾರ್ತ್ ಕ್ಯಾರೊಲೈನಾ. ಮಧ್ಯೆ ಐ-77 ಹೈವೇ. ಇಲ್ಲಿರೋ ನಮ್ಮ ಕನ್ನಡದವ್ರಲ್ಲಿ ಸುಮಾರು ಜನ ಬ್ಯಾಂಕುಗಳ ಐಟಿ ಕೆಲ್ಸದವ್ರೇ, ನಾನೂ ಅದೇ. ದಿನಾ ಬೆಳಿಗ್ಗೆ ಎಕ್ಸಿಟ್ 90 ಹತ್ರ ಟ್ರಾಫಿಕ್ಕಲ್ಲಿ ತೆವಳ್ತಾ ಹೋಗುವಾಗ ಪಕ್ಕದಲ್ಲೇ ಕ್ಯಾರೊವಿಂಡ್ಸ್ ಪಾರ್ಕ್ ಕಾಣತ್ತೆ. 1973ರಲ್ಲಿ ಶುರುವಾದ ಪಾರ್ಕು, ಎರಡು ರಾಜ್ಯದ ಗಡಿ ಸರಿಯಾಗಿ ಅದರ ಮಧ್ಯದಲ್ಲೇ ಹಾದು ಹೋಗತ್ತೆ, ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಕೊಂಡು ಫೋಟೋ ತೆಗ್ಸ್ಕೊಳ್ದೇ ಇರೋ ನೆಂಟರು ನಮ್ಮನೆಗೆ ಯಾರೂ ಬಂದಿಲ್ಲ ಬಿಡಿ. ಆಗ ಅಲ್ಲಿ ಎಲ್ಲಕ್ಕಿಂತ ಎತ್ತರ ಇದ್ದಿದ್ದು ಇಂಟಿಮಿಡೇಟರ್ ಅನ್ನೋ ಕೋಸ್ಟರ್, 232 ಅಡಿ.

2014ರ ಬೇಸಿಗೆಯಲ್ಲಿ ಪಾರ್ಕಿಂಗ್ ಕಡೆ ನೆಲದ ಕೆಲ್ಸ ಶುರುವಾಗಿತ್ತು. ನಮ್ಮ ಟೀಮಲ್ಲಿ ಒಬ್ಬ ಕ್ಯೂಎ ಹುಡುಗ, ಅಂದ್ರೆ ಸಾಫ್ಟ್‌ವೇರ್ ಟೆಸ್ಟ್ ಮಾಡೋನು ಇದ್ದ, ಓಹಾಯೋದವನು, ಅಲ್ಲಿನ ಸೀಡರ್ ಪಾಯಿಂಟ್ ಅನ್ನೋ ಕೋಸ್ಟರ್ ಪಾರ್ಕ್ ನೋಡ್ಕೊಂಡೇ ಬೆಳೆದವ್ನು. ಅವ್ನು ಮಧ್ಯಾಹ್ನ ಊಟದ ಹೊತ್ತಲ್ಲಿ ಲ್ಯಾಪ್‌ಟಾಪ್‌ನಲ್ಲಿ ಪಾರ್ಕಿನ ಉಪಗ್ರಹ ಫೋಟೋ ಮೇಲೆ ಕೆಂಪು ಚುಕ್ಕಿ ಇಡ್ತಾ ಕೂತಿರ್ತಿದ್ದ, ಏನೋ ಇದು ಅಂದ್ರೆ ಫುಟಿಂಗ್ ಅಂದ. ಅಂದ್ರೆ ಕಂಬ ನಿಲ್ಲೋಕೆ ನೆಲದಲ್ಲಿ ಹಾಕೋ ಕಾಂಕ್ರೀಟ್ ಬುಡ. ಅದು ಎಲ್ಲೆಲ್ಲಿ ಬಿದ್ದಿದೆ, ಎಷ್ಟು ದೊಡ್ಡದು, ಯಾವ ಕಡೆ ಮುಖ ಮಾಡಿದೆ ನೋಡಿದ್ರೆ ಟ್ರ್ಯಾಕು ಹೇಗೆ ಓಡತ್ತೆ ಅಂತ ಮುಕ್ಕಾಲು ಭಾಗ ಊಹಿಸ್ಬಹುದಂತೆ. ಜೋಡಿ ಬುಡ ಇದ್ರೆ ಮೇಲೆ ಎರಡು ಕಾಲು ಅಗಲಿಸಿ ನಿಲ್ಲೋ ಕಂಬ ಬರತ್ತೆ. ತಿರುವಿನ ಹೊರಗಡೆ ಓರೆ ಕಂಬ ಬರತ್ತೆ, ಯಾಕಂದ್ರೆ ರೈಲು ತಿರುಗುವಾಗ ಅದು ಹೊರಗಡೆಗೆ ನೂಕತ್ತೆ. ಇಳಿಜಾರು ಮುಗಿಯೋ ಜಾಗದ ಬುಡ ಎಲ್ಲಕ್ಕಿಂತ ದಪ್ಪ ಇರತ್ತೆ, ಯಾಕಂದ್ರೆ ಅಲ್ಲಿ ಪೂರ್ತಿ ವೇಗದಲ್ಲಿ ಬಂದ ರೈಲನ್ನ ಟ್ರ್ಯಾಕು ಮತ್ತೆ ಮೇಲಕ್ಕೆ ಎತ್ತಬೇಕು. ಹೀಗೆ ಅವ್ನು ಹೇಳ್ತಾ ಹೋದ, ನನ್ ಮೊಸರನ್ನ ಡಬ್ಬಿಯಲ್ಲೇ ಉಳೀತು.

ಆಗಸ್ಟಲ್ಲಿ ಪಾರ್ಕಿನವ್ರು ಅಧಿಕೃತವಾಗಿ ಹೇಳಿದ್ರು. ಹೆಸರು ಫ್ಯೂರಿ 325. ಎತ್ತರ 325 ಅಡಿ, ಮೊದಲ ಇಳಿತ 320 ಅಡಿ, ಅದೂ 81 ಡಿಗ್ರಿಯಲ್ಲಿ, ಅಂದ್ರೆ ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ. ವೇಗ ಗಂಟೆಗೆ 95 ಮೈಲಿ, ಉದ್ದ 6,602 ಅಡಿ, ಖರ್ಚು 3 ಕೋಟಿ ಡಾಲರ್. ನಮ್ಮ ಮುರುಡೇಶ್ವರದ ರಾಜಗೋಪುರ ಸುಮಾರು 237 ಅಡಿ, ಅದರ ತುದಿ ಮೇಲೆ ಇನ್ನೂ ಎಂಟು ಮಹಡಿ ಕಟ್ಟಿ ಅಲ್ಲಿಂದ ರೈಲು ಬಿಡ್ತೀವಿ ಅಂದ್ರೆ ಎಷ್ಟೋ ಅಷ್ಟು. ಚೈನಿಂದ ಎಳೆದು ಮೇಲೇರಿಸೋ ಕೋಸ್ಟರ್‌ಗಳಲ್ಲಿ ಅಲ್ಲಿವರೆಗೂ ಜಪಾನಿನ ಸ್ಟೀಲ್ ಡ್ರ್ಯಾಗನ್ 2000 ಮೊದಲನೇದಾಗಿತ್ತು, 318 ಅಡಿ, ಇದು ಅದನ್ನೂ ಮೀರಿಸ್ತು. ನಾನು ಅವತ್ತು ರಾತ್ರಿ ಕೂತು ಪಿಯುಸಿ ಫಿಸಿಕ್ಸ್ ಲೆಕ್ಕ ಹಾಕಿದೆ, 320 ಅಡಿ ಬಿದ್ರೆ ಗಾಳಿ ಘರ್ಷಣೆ ಏನೂ ಇಲ್ದೇ ಇದ್ರೆ ಗಂಟೆಗೆ 98 ಮೈಲಿ ಹತ್ರ ಬರತ್ತೆ, ಅವ್ರು ಹೇಳ್ತಿರೋದು 95. ಬರೀ ಎರಡು ಮೂರು ಮೈಲಿ ನಷ್ಟ! ಚಕ್ರ ಎಷ್ಟು ನುಣ್ಣಗೆ ಓಡ್ಬೇಕು ನೋಡಿ.

ಕಣಜದ ಥೀಮು ಇಟ್ಟಿದ್ರು. ಅದಕ್ಕೊಂದು ಕಾರಣ ಇದೆ, 1780ರಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಶಾರ್ಲಟ್‌ಗೆ ಬಂದಾಗ ಊರಿನವ್ರು ಕೊಟ್ಟ ಕಾಟಕ್ಕೆ ಇದೇನು ಕಣಜದ ಗೂಡು ಅಂತ ಬೈದಿದ್ನಂತೆ, ಊರಿನವ್ರು ಅದನ್ನೇ ಬಿರುದು ಮಾಡ್ಕೊಂಡ್ರು, ಪೊಲೀಸರ ತೋಳಿನ ಪಟ್ಟಿ ಮೇಲೂ ಗೂಡಿನ ಚಿತ್ರ ಇದೆ, ಬ್ಯಾಸ್ಕೆಟ್‌ಬಾಲ್ ಟೀಮು ಕೂಡ ಅದೇ ವರ್ಷ ಹಾರ್ನೆಟ್ಸ್ ಅನ್ನೋ ಹಳೇ ಹೆಸರಿಗೆ ವಾಪಸ್ ಬಂದಿತ್ತು. ಅದೇ ಕಾರ್ನ್‌ವಾಲಿಸ್ ಆಮೇಲೆ ನಮ್ಮೂರ ಕಡೆ ಬಂದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವ್ನು ಅಂತ ನಾನು ಕ್ಯೂಎ ಹುಡುಗನಿಗೆ ಹೇಳಿದ್ರೆ ಅವ್ನು ನಂಬ್ಲೇ ಇಲ್ಲ, ಗೂಗಲ್ ಮಾಡಿ ನೋಡಿ ಆಮೇಲೆ ಸುಮ್ನಾದ.

ಟ್ರ್ಯಾಕ್ ತುಂಡು ನಾನು ಮೊದ್ಲು ನೋಡಿದ್ದು ಹೈವೇನಲ್ಲಿ. ಇದನ್ನ ಡಿಸೈನ್ ಮಾಡಿದ್ದು ಸ್ವಿಟ್ಜರ್ಲೆಂಡಿನ ಬೊಲ್ಲಿಗರ್ ಅಂಡ್ ಮಬಿಯಾರ್, ಎಲ್ಲರೂ ಬಿ ಅಂಡ್ ಎಂ ಅಂತಾರೆ, ಆದ್ರೆ ಅಮೆರಿಕದ ಕೋಸ್ಟರ್‌ಗಳಿಗೆ ಅವ್ರ ಉಕ್ಕಿನ ಟ್ರ್ಯಾಕು ತಯಾರಾಗೋದು ಓಹಾಯೋದ ಬಟೇವಿಯಾ ಅನ್ನೋ ಊರಲ್ಲಿ, ಕ್ಲರ್ಮಾಂಟ್ ಸ್ಟೀಲ್ ಅನ್ನೋ ಕಾರ್ಖಾನೇಲಿ. ಆ ಕಾರ್ಖಾನೆ ಅಂಗಳದಲ್ಲಿ ಯಾವ ಬಣ್ಣದ ಟ್ರ್ಯಾಕು ಪೇರಿಸಿಟ್ಟಿದಾರೆ ಅಂತ ನೋಡೋಕೇ ಕಾರು ತಗೊಂಡು ಹೋಗೋ ಜನ ಇದಾರೆ, ಹಸಿರು ಕಂಡ್ರೆ ಇದು ಯಾವ ಪಾರ್ಕಿಗೆ, ಕಿತ್ತಳೆ ಕಂಡ್ರೆ ಯಾವ ಪಾರ್ಕಿಗೆ ಅಂತ ಜಗಳ. ಅಲ್ಲಿಂದ ಶಾರ್ಲಟ್‌ಗೆ ಲಾರೀಲಿ ಒಂದು ಹಗಲಿನ ದಾರಿ. ಒಂದಿನ ಬೆಳಿಗ್ಗೆ ನನ್ನ ಮುಂದೆ ಒಂದು ಉದ್ದನೇ ಫ್ಲ್ಯಾಟ್‌ಬೆಡ್ ಲಾರಿ, ಅದರ ಮೇಲೆ ಹಸಿರುನೀಲಿ ಬಣ್ಣದ ಟ್ರ್ಯಾಕು. ಮಧ್ಯದಲ್ಲಿ ಚೌಕದ ದಪ್ಪ ಬೆನ್ನೆಲುಬು, ಅದರ ಎರಡೂ ಕಡೆ ತೋಳು, ತೋಳಿನ ತುದೀಲಿ ಕೊಳವೆ ಹಳಿ. ತುದಿಯ ಪ್ಲೇಟಲ್ಲಿ ಸುತ್ತಲೂ ಬೋಲ್ಟಿನ ತೂತುಗಳು, ಪಕ್ಕದಲ್ಲಿ ನಂಬರ್ ಬರೆದಿತ್ತು. ಅದು ಸುಮ್ನೆ ಬಗ್ಗಿರಲಿಲ್ಲ, ಬಗ್ಗಿ ಜೊತೆಗೆ ತಿರುಚಿಕೊಂಡಿತ್ತು, ಕಣ್ಣಲ್ಲಿ ನೋಡಿದ್ರೆ ಯಾವ ಕಡೆ ಮೇಲೆ ಯಾವ ಕಡೆ ಕೆಳಗೆ ಅಂತ ಗೊತ್ತಾಗಲ್ಲ. ನಾನು ಲೇನ್ ಬದಲಾಯಿಸ್ದೇ ಅದರ ಹಿಂದೇನೇ ಎಕ್ಸಿಟ್ 90ವರೆಗೂ ಹೋದೆ, ಹಿಂದಿನವ್ರು ಹಾರ್ನ್ ಹೊಡೆದ್ರೂ.

ಅಕ್ಟೋಬರಲ್ಲಿ ದಸರಾ ಮುಗಿಸ್ಕೊಂಡು ಅಪ್ಪ ಬಂದ್ರು, ಆರು ತಿಂಗಳಿಗೆ. ಅಮ್ಮ ಅಕ್ಕನ ಬಾಣಂತನಕ್ಕೆ ಅಂತ ಊರಲ್ಲೇ ಉಳ್ಕೊಂಡಿದ್ರು. ಅಪ್ಪ ಭದ್ರಾವತಿ ಕಾರ್ಖಾನೇಲಿ ಮೆಂಟೆನೆನ್ಸ್‌ನಲ್ಲಿ ಇದ್ದು ರಿಟೈರ್ ಆದವ್ರು. ಇಲ್ಲಿಗೆ ಬರೋ ಅಪ್ಪ ಅಮ್ಮಂದಿರ ಕಷ್ಟ ಗೊತ್ತಲ್ಲ, ಕಾರ್ ಇಲ್ಲ, ಮಾತಾಡೋಕೆ ಜನ ಇಲ್ಲ, ಎರಡು ವಾರ ಸೂಪರ್ ಮಾರ್ಕೆಟ್ಟು ದೇವಸ್ಥಾನ ಆದ್ಮೇಲೆ ಕಿಟಕಿ ಪಕ್ಕ ಕೂತು ಹೋಗೋ ಬರೋ ಕಾರ್ ಎಣಿಸ್ತಾರೆ. ನಾನು ಅವ್ರನ್ನ ಒಂದು ಶನಿವಾರ ಪಾರ್ಕಿಗೆ ಕರ್ಕೊಂಡು ಹೋದೆ, ಅಕ್ಟೋಬರಲ್ಲಿ ಹ್ಯಾಲೊವೀನ್‌ಗೆ ಅಂತ ವೀಕೆಂಡ್ ಮಾತ್ರ ತೆಗ್ದಿರ್ತಿದ್ರು. ಭೂತದ ವೇಷ ಹಾಕ್ಕೊಂಡವ್ರು ಎದುರಿಗೆ ಬಂದು ಕಿರುಚಿದ್ರೆ ಅಪ್ಪ ಏನಪ್ಪಾ ನಿನ್ ಕಷ್ಟ ಅನ್ನೋ ಹಾಗೆ ನೋಡಿ ಮುಂದೆ ಹೋದ್ರು. ಬೇಲಿ ಆಚೆ ಹೊಸ ಕಂಬಗಳು ಕಂಡಿದ್ದೇ ತಡ, ನಿಂತ್ಬಿಟ್ರು.

"ಏಯ್ ಇಲ್ನೋಡೋ, ಬೇಸ್ ಪ್ಲೇಟ್ ಕೆಳಗೂ ನಟ್ ಇದೆ" ಅಂದ್ರು. ನೋಡಿದ್ರೆ ಹೌದು. ಕಾಂಕ್ರೀಟಿಂದ ಮೇಲೆ ಬಂದ ದಪ್ಪ ಬೋಲ್ಟುಗಳು, ಅದರ ಮೇಲೆ ಕಂಬದ ಪಾದದ ಪ್ಲೇಟು, ಆದ್ರೆ ಪ್ಲೇಟು ಕಾಂಕ್ರೀಟಿಗೆ ತಾಗಿಲ್ಲ, ಮಧ್ಯೆ ಒಂದು ಕೈ ತೂರೋವಷ್ಟು ಸಂದು, ಪ್ಲೇಟ್ ಮೇಲೊಂದು ನಟ್ಟು ಕೆಳಗೊಂದು ನಟ್ಟು. ಇದೇನಪ್ಪ ಗಾಳೀಲಿ ನಿಂತಿದೆ ಅಂದೆ. "ಲೆವೆಲ್ ಮಾಡೋಕೆ ಕಣೋ. ಕೆಳಗಿನ ನಟ್ ತಿರುಗಿಸಿ ಕಂಬಾನ ಕೂದಲೆಳೆ ಲೆಕ್ಕದಲ್ಲಿ ಮೇಲೆ ಕೆಳಗೆ ಮಾಡ್ತಾರೆ. ಎಲ್ಲ ಸರಿ ಬಂತು ಅಂದ್ಮೇಲೆ ಆ ಸಂದಿಗೆ ಗ್ರೌಟ್, ಅಂದ್ರೆ ತೆಳು ಸಿಮೆಂಟ್ ಗಾರೆ ತುಂಬ್ತಾರೆ. ನಮ್ಮಲ್ಲಿ ದೊಡ್ ಮಷೀನ್ ಕೂರ್ಸ್ಬೇಕಾದ್ರೂ ಇದೇ." ಅಲ್ಲೇ ಮುಂದಿನ ಸಾಲಿನ ಒಂದು ಬುಡಕ್ಕೆ ಗ್ರೌಟ್ ಆಗಿತ್ತು, ಸಂದು ಮುಚ್ಚಿ ನುಣ್ಣಗೆ ಬೂದು ಬಣ್ಣಕ್ಕೆ ಬಂದಿತ್ತು, ಅಂದ್ರೆ ಅಲ್ಲಿವರೆಗೂ ಟ್ರ್ಯಾಕು ಸರಿ ಕೂತಿದೆ ಅಂತ ಅರ್ಥ ಅಂದ್ರು. ನಮ್ಮ ಕ್ಯೂಎ ಹುಡುಗ ಇಷ್ಟೆಲ್ಲ ಚುಕ್ಕಿ ಇಟ್ಟಿದ್ದ, ಇದನ್ನ ಹೇಳಿರ್ಲಿಲ್ಲ. ಸೋಮವಾರ ಆಫೀಸಲ್ಲಿ ಹೇಳಿದ್ರೆ ಅವ್ನು ನಿನ್ ಡ್ಯಾಡನ್ನ ನಾನು ಭೇಟಿ ಆಗ್ಲೇಬೇಕು ಅಂತ ಹಿಡ್ಕೊಂಡ.

ಭೇಟಿ ಆಯ್ತು. ನವೆಂಬರ್ ಆದ್ಮೇಲೆ ಪಾರ್ಕ್ ಬಾಗಿಲು ಹಾಕಿದ್ರು, ಮಾರ್ಚ್‌ವರೆಗೂ ಒಳಗೆ ಹೋಗೋ ಹಾಗಿಲ್ಲ. ಆದ್ರೆ ಕೋಸ್ಟರ್ ಬರ್ತಿದ್ದಿದ್ದೇ ರಸ್ತೆ ಕಡೆ, ಹಾಗಾಗಿ ಹೊರಗಡೆಯಿಂದಾನೇ ಸಾಕಷ್ಟು ಕಾಣ್ತಿತ್ತು. ಭಾನುವಾರ ಬೇಲಿ ಹೊರಗೆ ನಾಲ್ಕಾರು ಜನ ಸೇರೋರು, ಒಬ್ರು ಸ್ಕೂಲ್ ಮೇಷ್ಟ್ರು, ಒಬ್ಬ ಕಾಲೇಜು ಹುಡುಗ, ಒಬ್ಬಾಕೆ ನರ್ಸು, ಬೈನಾಕ್ಯುಲರ್ ಹಿಡ್ಕೊಂಡು ಇನ್ನೊಬ್ರು ಅಜ್ಜ, ಮಧ್ಯೆ ನಮ್ಮಪ್ಪ ಮಂಕಿ ಕ್ಯಾಪ್ ಹಾಕ್ಕೊಂಡು. ನನ್ ಹೆಂಡ್ತಿ ಥರ್ಮಾಸಲ್ಲಿ ಕಾಫಿ ತುಂಬಿ ಕೊಡ್ತಾ "ರೀ, ಮಾವನಿಗೆ ಶೀತ ಆದ್ರೆ ಇನ್ಶೂರೆನ್ಸ್ ಕಥೆ ಗೊತ್ತಲ್ಲ, ಒಂದ್ ಗಂಟೆಗಿಂತ ಜಾಸ್ತಿ ನಿಲ್ಸ್ಬೇಡಿ" ಅನ್ನೋಳು. ಅಪ್ಪನ ಇಂಗ್ಲಿಷು ಕಾರ್ಖಾನೆ ಇಂಗ್ಲಿಷು, ಆದ್ರೆ ಫ್ಲಾಂಜ್, ಶಿಮ್, ಟಾರ್ಕ್, ಅಲೈನ್‌ಮೆಂಟ್ ಇಷ್ಟಿದ್ರೆ ಆ ಗುಂಪಲ್ಲಿ ಸಾಕಾಗಿತ್ತು.

ನಿಜ ಹೇಳ್ಬೇಕಂದ್ರೆ ಆ ಚಳಿಗಾಲದ ಬಹುಪಾಲು ಏನೂ ಆಗದೇ ಇರೋದನ್ನ ನೋಡಿದ್ದೇ ಜಾಸ್ತಿ. ಗಾಳಿ ಜೋರಿದ್ರೆ ಕ್ರೇನ್ ಕೆಲ್ಸ ಬಂದ್. ಅಷ್ಟು ಎತ್ತರಕ್ಕೆ ಟನ್‌ಗಟ್ಲೆ ಭಾರದ ತುಂಡು ಎತ್ತಿದಾಗ ಗಾಳಿ ಸ್ವಲ್ಪ ತಳ್ಳಿದ್ರೂ ಅದು ತಿರುಗೋಕೆ ಶುರುವಾಗತ್ತೆ, ಮೇಲೆ ಬುಟ್ಟೀಲಿ ನಿಂತಿರೋ ಕೆಲಸದವ್ರು ಅದನ್ನ ಹಿಡಿದು ತೂತಿಗೆ ತೂತು ಕೂಡಿಸ್ಬೇಕು. ಮಳೆ ಬಂದ್ರೆ ಬಂದ್. ಕ್ರೇನ್ ಬೂಮ್ ಮಲಗಿಸಿದ್ದು ಕಂಡ್ರೆ ಇವತ್ತೇನಿಲ್ಲ ಅಂತ ಎಲ್ರೂ ವಾಪಸ್. ಆದ್ರೆ ಕೆಲ್ಸ ನಡೆದ ದಿನ ಮಾತ್ರ ನೋಡ್ಬೇಕಿತ್ತು. ಕೆಳಗೆ ನೆಲದ ಮೇಲೆ ತುಂಡುಗಳನ್ನ ನಂಬರ್ ಪ್ರಕಾರ ಹರಡಿಟ್ಟಿರ್ತಾರೆ, ಕ್ರೇನ್ ಕೊಂಡಿಯಿಂದ ಇಳಿಬಿಟ್ಟ ಹಗ್ಗಗಳು ಎಲ್ಲ ಒಂದೇ ಉದ್ದ ಇರಲ್ಲ, ತುಂಡು ಕೊನೇಗೆ ಯಾವ ಓರೆಯಲ್ಲಿ ಕೂರ್ಬೇಕೋ ಅದೇ ಓರೆಯಲ್ಲಿ ಗಾಳೀಲಿ ತೂಗೋ ಹಾಗೆ ಮೊದ್ಲೇ ಲೆಕ್ಕ ಹಾಕಿ ಕಟ್ಟಿರ್ತಾರೆ. ಮೇಲೆ ಹೋದ್ಮೇಲೆ ಬರೀ ಸರಿಸೋದು, ಬೋಲ್ಟ್ ಹಾಕೋದು. ಒಂದ್ಸಲ ಅಪ್ಪ ಬೈನಾಕ್ಯುಲರ್ ಕಣ್ಣಿಂದ ತೆಗೀದೇನೇ "ನಮ್ ಕಡೆ ಕೆಲವು ಕಂಟ್ರಾಕ್ಟರ್‌ಗಳಾಗಿದ್ರೆ ಇಷ್ಟೊತ್ತಿಗೆ ಗ್ಯಾಸ್ ಕಟರ್ ತಂದು ತೂತು ದೊಡ್ದು ಮಾಡ್ತಿದ್ರು" ಅಂದ್ರು. ನಾನು ಇಂಗ್ಲಿಷಲ್ಲಿ ಹೇಳಿದೆ, ಅಜ್ಜ ಬಿದ್ದು ಬಿದ್ದು ನಕ್ಕ, ಇಲ್ಲೂ ಅಂಥವ್ರಿದಾರೆ ಅಂದ.

ಲಿಫ್ಟ್ ಹಿಲ್ ಅಂದ್ರೆ ಚೈನು ರೈಲನ್ನ ಮೇಲಕ್ಕೆ ಎಳ್ಕೊಂಡು ಹೋಗೋ ಏರು. ಅದರ ಕಂಬಗಳು ಒಂದರ ಮೇಲೊಂದು ಬೆಳೀತಾ ಹೋದಾಗ ಐ-77ರಲ್ಲಿ ಟ್ರಾಫಿಕ್ ನಿಂತಾಗೆಲ್ಲ ನಾನು ಸ್ಟಿಯರಿಂಗ್ ಮೇಲೆ ಗದ್ದ ಇಟ್ಟು ಅದನ್ನೇ ನೋಡೋದು, ನಿನ್ನೆ ಇಂಟಿಮಿಡೇಟರ್‌ಗಿಂತ ಗಿಡ್ಡ ಇತ್ತು, ಇವತ್ತು ಸಮ, ಮುಂದಿನ ವಾರ ದಾಟ್ತು. ಏರಿನ ಕಡೆ ಟ್ರ್ಯಾಕೂ ಇಳಿತದ ಕಡೆ ಟ್ರ್ಯಾಕೂ ಬೇರೆ ಬೇರೆಯಾಗಿ ಆಕಾಶದ ಕಡೆ ಬಾಯಿ ತೆರ್ಕೊಂಡು ನಿಂತಿರತ್ತೆ, ತುದಿಯ ತುಂಡು ಕೂತ್ರೇನೇ ಎರಡೂ ಒಂದಾಗೋದು. ಅದು ಕೂರೋ ದಿನ ವಾರದ ಮಧ್ಯ, ನನಗೆ ರಿಲೀಸ್ ಕಾಲ್ ಇತ್ತು. ಅಪ್ಪನನ್ನ ಆ ಅಜ್ಜನೇ ಕರ್ಕೊಂಡು ಹೋಗಿದ್ದ, ಸಾಯಂಕಾಲ ಮನೆಗೆ ಬಂದ್ರೆ ಅಪ್ಪ ಪೂರ್ತಿ ವರದಿ ಒಪ್ಪಿಸಿದ್ರು, ಯಾವ ಕಡೆ ಬೋಲ್ಟ್ ಮೊದ್ಲು ಹಾಕಿದ್ರು ಅನ್ನೋದರ ಸಮೇತ. ಇವತ್ತಿಗೂ ನನಗೆ ಅದೊಂದು ಹೊಟ್ಟೆಕಿಚ್ಚು. ಆ ರಾತ್ರಿ ತುದಿಗೆ ಕೆಂಪು ದೀಪ ಹತ್ತಿತ್ತು, ಶಾರ್ಲಟ್ ಏರ್‌ಪೋರ್ಟ್ ಹತ್ರಾನೇ ಇರೋದಲ್ವಾ.

ಟ್ರ್ಯಾಕ್ ಮುಗೀತು ಅಂದ್ರೆ ಕೋಸ್ಟರ್ ಮುಗೀತು ಅಂದ್ಕೊಳ್ತಾರೆ ಜನ, ಇಲ್ಲ, ಆಮೇಲೆ ಇರೋದೇ ಬೇಜಾರಿನ ಕೆಲ್ಸ, ಚೈನ್ ಹಾಕೋದು, ಮೋಟರ್, ಬ್ರೇಕಿಗೆ ಗಾಳಿ ಪೈಪು, ಸಾವಿರಾರು ವೈರು. ಇಡೀ ಟ್ರ್ಯಾಕನ್ನ ಬ್ಲಾಕ್ ಅಂತ ಭಾಗ ಮಾಡಿರ್ತಾರೆ, ಒಂದು ಬ್ಲಾಕಲ್ಲಿ ಒಂದೇ ರೈಲು, ಮುಂದಿನ ಬ್ಲಾಕ್ ಖಾಲಿ ಆಗೋವರೆಗೂ ಹಿಂದಿನ ರೈಲನ್ನ ಕಂಪ್ಯೂಟರ್ ಬಿಡಲ್ಲ, ನಮ್ಮ ರೈಲ್ವೆ ಸಿಗ್ನಲ್ ಇದ್ದ ಹಾಗೇನೇ ಅದು. ಒಂದು ರೈಲಿಗೆ ಎಂಟು ಬೋಗಿ, ಬೋಗಿಗೆ ನಾಲ್ಕು ಜನ, ಒಟ್ಟು 32, ಅಂಥ ಮೂರು ರೈಲು. ಆ ಫೆಬ್ರವರಿ ಚಳಿ ಅಂದ್ರೆ ಚಳಿ. ಚಳೀಲಿ ಚಕ್ರದ ಬೇರಿಂಗ್ ಗ್ರೀಸು ಗಟ್ಟಿಯಾಗಿ ರೈಲು ನಿಧಾನ ಓಡತ್ತೆ, ತೀರಾ ನಿಧಾನ ಆದ್ರೆ ಮುಂದಿನ ಗುಡ್ಡ ಹತ್ತೋಕಾಗ್ದೇ ಕಣಿವೇಲಿ ಹಿಂದಕ್ಕೂ ಮುಂದಕ್ಕೂ ತೂಗಾಡಿ ನಿಂತ್ಬಿಡತ್ತೆ, ಅದಕ್ಕೇ ಟೆಸ್ಟಿಂಗ್‌ಗೆ ಬಿಸಿಲು ಬರೋದನ್ನ ಕಾಯ್ತಾರೆ. ಸೀಟಲ್ಲಿ ಮನುಷ್ಯರ ಬದ್ಲು ನೀರು ತುಂಬಿದ ಪ್ಲಾಸ್ಟಿಕ್ ಬೊಂಬೆಗಳು, ತಲೆ ಇಲ್ಲ ಕೈ ಇಲ್ಲ, ಬರೀ ಎದೆ ಹೊಟ್ಟೆ. ದಿನವಿಡೀ ಅವು ಕೂತ್ಕೊಂಡು ಸುತ್ತು ಹೊಡೆಯೋದು. ನಾರ್ತ್ ಕ್ಯಾರೊಲೈನಾದ ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟರ್‌ಗಳು ನೋಡಿ ಸರಿ ಅಂದ್ಮೇಲೇನೇ ಜನ ಹತ್ತೋದು.

ಓಡೋ ರೈಲನ್ನ ನಾನು ಮೊದಲ ಸಲ ನೋಡಿದಾಗ ಸದ್ದಿಗೇ ಮೈ ಜುಂ ಅಂತು, ಟೊಳ್ಳು ಉಕ್ಕಿನೊಳಗಿಂದ ಗುಂಯ್ ಅಂತ ಒಂದು ದಪ್ಪ ಸದ್ದು ಬಂದು ನಮ್ಮ ಮೇಲಿಂದ ದಾಟಿ ಹೋಯ್ತು. ಎಲ್ರೂ ರೈಲು ಹೋದ ಕಡೆ ಕತ್ತು ತಿರುಗಿಸಿದ್ರು. ಅಪ್ಪ ಒಬ್ರೇ ಕಂಬ ನೋಡ್ತಿದ್ರು. "ಅಲ್ಲಾಡ್ತು" ಅಂದ್ರು. ನನಗೆ ಎದೆ ಧಸಕ್ ಅಂತು. "ಅಲ್ಲಾಡ್ಲೇಬೇಕು ಕಣೋ. ಬಿಗಿಯಾಗಿ ನಿಂತ್ಕೊಂಡ್ರೆ ಆ ಏಟೆಲ್ಲ ಜಾಯಿಂಟಿಗೆ ಹೋಗತ್ತೆ. ಸ್ವಲ್ಪ ಬಗ್ಗಿ ವಾಪಸ್ ಬಂದ್ರೆ ಅದು ಒಳ್ಳೇ ಕಬ್ಬಿಣ. ಆದ್ರೆ ಪ್ರತಿಸಲ ಅಷ್ಟೇ ಅಲ್ಲಾಡ್ಬೇಕು, ಒಂದಿನ ಜಾಸ್ತಿ ಅಲ್ಲಾಡ್ತು ಅಂದ್ರೆ ನಿಲ್ಸಿ ನೋಡ್ಬೇಕು." ಆವತ್ತಿಂದ ನನಗೂ ಕಂಬ ನೋಡೋ ಚಟ ಅಂಟ್ಕೊಳ್ತು, ಬೇರೆ ಪಾರ್ಕಿಗೆ ಹೋದ್ರೂ ಮೊದ್ಲು ರೈಲು ದಾಟುವಾಗ ಕಂಬದ ತಲೆ ನೋಡ್ತೀನಿ.

ಮಾರ್ಚ್ 28ಕ್ಕೆ ಜನರಿಗೆ ಬಿಟ್ರು. ಅಪ್ಪನಿಗೆ ಬಿಪಿ, ಅವ್ರು ಹತ್ತಲ್ಲ. ಮಗಳಿಗೆ ಆರು ವರ್ಷ, ಇದಕ್ಕೆ 54 ಇಂಚು ಎತ್ತರ ಬೇಕು, ಗೇಟಲ್ಲಿ ಅಳತೆ ಕೋಲಿನ ಪಕ್ಕ ನಿಲ್ಲಿಸಿದ್ರೆ ಅವಳ ತಲೆ ಗೆರೆಗಿಂತ ಎಷ್ಟೋ ಕೆಳಗೆ, ಅಳು ಬೇರೆ. ನಾನು ಕ್ಯೂಎ ಹುಡುಗ ಇಬ್ರೇ ಕ್ಯೂನಲ್ಲಿ ನಿಂತ್ವಿ. ಸವಾರಿ ಬಗ್ಗೆ ಜಾಸ್ತಿ ಏನ್ ಹೇಳೋದು, ಮೇಲೆ ಹೋದಾಗ ದೂರದಲ್ಲಿ ಅಪ್‌ಟೌನ್ ಬಿಲ್ಡಿಂಗ್‌ಗಳು ಕಂಡ್ವು, ಆಮೇಲೆ ಕಣ್ಣಲ್ಲಿ ನೀರು, ಏನೂ ಕಾಣ್ಲಿಲ್ಲ. ಕೆಳಗೆ ಬಂದು ಎಡಕ್ಕೋ ಬಲಕ್ಕೋ ಗೊತ್ತಾಗೋಷ್ಟ್ರಲ್ಲಿ ಬ್ಯಾರಲ್ ತಿರುವು, ರಾಜ್ಯದ ಗಡಿ ಯಾವಾಗ ದಾಟ್ತೋ, ಆಮೇಲೆ ಕುದುರೆ ಲಾಳದ ತಿರುವಲ್ಲಿ ಮಲಗಿಸಿದ ಹಾಗೆ ಆಯ್ತು, ಗೇಟ್ ಹತ್ರ ಸೇತುವೆ ಕೆಳಗೆ ನುಗ್ಗುವಾಗ ತಲೆ ತಾನಾಗೇ ಬಗ್ತು. ಇಷ್ಟೂ ತುಂಡು ಒಂದೊಂದಾಗಿ ಮೇಲೇರಿದ್ದನ್ನ ನೋಡಿದ್ದೆ, ಯಾವುದೂ ಗುರುತು ಸಿಗ್ಲಿಲ್ಲ! ಮೂರೂವರೆ ನಿಮಿಷಕ್ಕಿಂತ ಕಡಿಮೇಲಿ ಆರು ತಿಂಗಳ ಕೆಲ್ಸ ಹಿಂದಕ್ಕೆ ಓಡೋಯ್ತು. ಸತ್ಯವಾಗ್ಲೂ ಹೇಳ್ತೀನಿ, ನನಗೆ ಹತ್ತಿದ್ದಕ್ಕಿಂತ ಕಟ್ಟೋದನ್ನ ನೋಡಿದ್ದೇ ಜಾಸ್ತಿ ಖುಷಿ ಕೊಟ್ಟಿದ್ದು, ಇದನ್ನ ಕೇಳಿ ಕ್ಯೂಎ ಹುಡುಗ ನೀನು ಕೆಟ್ಟೋಗಿದೀಯ ಅಂದ. ಇಳಿದು ಬಂದ್ರೆ ಅಪ್ಪ ಬೆಂಚ್ ಮೇಲೆ ಕೂತು ಬಾಣಸಿಗರ ಟೋಪಿ ಹಾಕಿದ್ದ ಒಬ್ಬ ಪಾರ್ಕ್ ಕೆಲಸದವ್ನಿಗೆ ಫ್ಲಾಂಜ್ ತೋರಿಸ್ತಾ ಏನೋ ಹೇಳ್ತಿದ್ರು. ಏಪ್ರಿಲಲ್ಲಿ ಊರಿಗೆ ಹೋದ್ರು.

ಅದೇ ವರ್ಷ ಜುಲೈನಲ್ಲಿ ಥಂಡರ್ ರೋಡ್ ಅನ್ನೋ ಹಳೇ ಮರದ ಕೋಸ್ಟರ್ ಮುಚ್ಚಿದ್ರು, ಅದೂ ಗಡಿ ದಾಟ್ತಿತ್ತು, ಅದಕ್ಕೆ ಕೆಲವ್ರು ನಿಜವಾಗ್ಲೂ ಕಣ್ಣೀರು ಹಾಕಿದ್ರು. 2016ರಲ್ಲಿ ಥೀಮ್ ಪಾರ್ಕ್‌ಗಳಿಗೆ ಕೊಡೋ ಗೋಲ್ಡನ್ ಟಿಕೆಟ್ ಅವಾರ್ಡ್‌ನಲ್ಲಿ ಉಕ್ಕಿನ ಕೋಸ್ಟರ್‌ಗಳಲ್ಲಿ ಫ್ಯೂರಿಗೆ ಮೊದಲ ಸ್ಥಾನ ಬಂತು, ಆಮೇಲೂ ಹಲವು ಸಲ ಬಂತು. ಮಗಳು 54 ಇಂಚು ದಾಟಿದಳು, ದಾಟಿದ ವಾರಾನೇ ಹತ್ತಿದಳು.

2023ರ ಜೂನ್ ಕೊನೇಲಿ ಆ ವಿಡಿಯೋ ನನಗೆ ತೋರ್ಸಿದ್ದು ಅವಳೇ. ನೀವೂ ನೋಡಿರ್ತೀರ, ಭಾರತದ ಟಿವಿಗಳಲ್ಲೂ ಬಂದಿತ್ತು. ಫ್ಯೂರಿಯ ಒಂದು ಕಂಬದ ತಲೆ ಹತ್ರ ಬಿರುಕು, ಬಿರುಕು ಅಂದ್ರೆ ಗೆರೆ ಅಲ್ಲ, ಪೂರ್ತಿ ಬಿಟ್ಕೊಂಡಿದೆ, ರೈಲು ದಾಟುವಾಗ ಮೇಲಿನ ಭಾಗ ಪಕ್ಕಕ್ಕೆ ಸರಿದು ವಾಪಸ್ ಬರತ್ತೆ, ಸಂದೀಲಿ ಆಚೆ ಕಡೆ ಆಕಾಶ ಕಾಣತ್ತೆ. ಪಾರ್ಕಿಗೆ ಬಂದಿದ್ದ ಒಬ್ರು ನೋಡಿ, ವಿಡಿಯೋ ಮಾಡಿ, ಸಿಬ್ಬಂದಿಗೆ ತೋರ್ಸಿದ್ದು, ಜೂನ್ 30ಕ್ಕೆ ಕೋಸ್ಟರ್ ನಿಲ್ಲಿಸಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಅದಕ್ಕೂ ಕೆಲವು ದಿನ ಮೊದ್ಲು ತೆಗೆದ ಫೋಟೋಗಳಲ್ಲೂ ಬಿರುಕು ಇತ್ತು ಅಂತ ಆಮೇಲೆ ಗೊತ್ತಾಯ್ತು. ಅಂದ್ರೆ ಫೋಟೋ ತೆಗೆದವ್ರ ಕಣ್ಣೂ ರೈಲಿನ ಮೇಲೇನೇ ಇತ್ತು.

ಅಪ್ಪ ಭದ್ರಾವತಿಯಿಂದ ಫೋನ್ ಮಾಡಿದ್ರು, ಅವ್ರ ವಾಟ್ಸಾಪ್ ಗುಂಪಲ್ಲಿ ಆಗ್ಲೇ ಹತ್ತು ಜನ ಹಾಕಿದ್ರಂತೆ. "ವೆಲ್ಡಿಂಗ್‌ನಲ್ಲಿ ಬಿಟ್ಟಿದ್ಯೋ ಪಕ್ಕದ ಪೈಪಲ್ಲೋ, ಅದನ್ನ ನೋಡು ಮೊದ್ಲು" ಅಂದ್ರು. ವಿಡಿಯೋದಲ್ಲಿ ಅಷ್ಟು ಕಾಣಲ್ಲ ಅಪ್ಪ ಅಂದೆ. "ಹಾಗಿದ್ರೆ ವಿಡಿಯೋ ನೋಡಿ ಕಾರಣ ಹೇಳೋರ ಮಾತು ಕೇಳ್ಬೇಡ" ಅಂದ್ರು. ಟಿವೀಲಿ ಅಷ್ಟೊತ್ತಿಗೆ ಹತ್ತು ಕಾರಣ ಬಂದಿತ್ತು.

ಮತ್ತೆ ಶುರುವಾಯ್ತು ನಮ್ಮ ಬೇಲಿ ಕಾಯೋ ಕೆಲ್ಸ. ಒಂಬತ್ತು ವರ್ಷದ ಹಿಂದಿನ ಗುಂಪಲ್ಲಿ ಉಳಿದಿದ್ದು ಮೇಷ್ಟ್ರು ಮತ್ತೆ ನಾನು, ಕ್ಯೂಎ ಹುಡುಗ ಟೆಕ್ಸಸ್‌ಗೆ ಹೋಗಿದ್ದ, ದಿನಾ ಮೆಸೇಜ್ ಮಾತ್ರ. ಈ ಸಲ ಜೊತೆಗೆ ಟಿವಿ ವ್ಯಾನ್‌ಗಳು. ಕಂಬ ಬದಲಾಯಿಸೋದು ಕಟ್ಟೋದಕ್ಕಿಂತ ಸೂಕ್ಷ್ಮ, ಯಾಕಂದ್ರೆ ಮೇಲೆ ಟ್ರ್ಯಾಕು ಆಗ್ಲೇ ಇದೆ, ಅದು ಇದ್ದ ಜಾಗದಿಂದ ಕದಲ್ದಂಗೆ ಹಳೇ ಕಂಬ ತೆಗ್ದು ಅಲ್ಲಿಗೆ ಹೊಸದನ್ನ ತೂರಿಸ್ಬೇಕು. ಬಿ ಅಂಡ್ ಎಂ ಕಡೆಯಿಂದ ಹೊಸ ಕಂಬ ಬಂತು, ಹಾಕಿದ್ರು. ಆಮೇಲೆ ರೈಲಿಗೆ ಸೆನ್ಸರ್ ಕಟ್ಟಿ ಅಲುಗಾಟ ಅಳೆದ್ರು, 500 ಸುತ್ತು ಖಾಲಿ ಓಡಿಸಿ ನೋಡ್ತೀವಿ ಅಂತ ಪಾರ್ಕಿನವ್ರು ಹೇಳಿದ್ರು, ಕಾರ್ಮಿಕ ಇಲಾಖೆಯವ್ರು ಮತ್ತೆ ಬಂದು ತಪಾಸಣೆ ಮಾಡಿದ್ರು. ಆಗಸ್ಟ್ 10ಕ್ಕೆ ಮತ್ತೆ ತೆಗೆದ್ರು.

ನಾನೂ ಮಗಳೂ ಆ ವಾರಾಂತ್ಯ ಹೋದ್ವಿ. ಇಷ್ಟಾದ್ಮೇಲೆ ಜನ ಕಡಿಮೆ ಇರ್ತಾರೆ ಅಂತ ಯಾರಾದ್ರೂ ಅಂದ್ಕೊಂಡಿದ್ರೆ, ಕ್ಯೂ ದಾರಿವರೆಗೂ ಬಂದಿತ್ತು. ಆದ್ರೆ ಒಂದು ಬದಲಾವಣೆ, ಕ್ಯೂನಲ್ಲಿ ನಿಂತವ್ರು ಫೋನ್ ಎತ್ತಿ ಕಂಬಗಳ ಫೋಟೋ ತೆಗೀತಿದ್ರು, ಯಾವ್ದು ಹೊಸದು ಅಂತ ಪಕ್ಕದವ್ರನ್ನ ಕೇಳ್ತಿದ್ರು, ನಾನು ಬೆರಳು ಮಾಡಿ ತೋರ್ಸಿದ್ದಕ್ಕೆ ಒಬ್ಬಾಕೆ ನೀವು ಇಲ್ಲೇ ಕೆಲ್ಸ ಮಾಡ್ತೀರ ಅಂದಳು. ಮಗಳು ಅಪ್ಪಾ ಪ್ಲೀಸ್ ಅಂತ ಮುಖ ಆ ಕಡೆ ತಿರುಗಿಸ್ಕೊಂಡಳು.

ಸವಾರಿ ಆದ್ಮೇಲೆ ಅಪ್ಪನಿಗೆ ಕಳಿಸೋಕೆ ಅಂತ ಜೂಮ್ ಹಾಕಿ ಹೊಸ ಕಂಬದ ಫೋಟೋ ತೆಗೆದೆ, ಬುಡದ್ದು, ತಲೆಯದ್ದು, ರೈಲು ದಾಟುವಾಗಿನ ವಿಡಿಯೋನೂ. ಊರಲ್ಲಿ ಆಗ ನಡುರಾತ್ರಿ. ಎಂಬತ್ತರ ಹತ್ರ ಬಂದಿರೋ ಮನುಷ್ಯ ಮಲಗಿರ್ತಾರೆ ಅಂದ್ಕೊಂಡ್ರೆ ಕಾರ್ ಸ್ಟಾರ್ಟ್ ಮಾಡೋಷ್ಟ್ರಲ್ಲಿ ವಾಯ್ಸ್ ಮೆಸೇಜ್ ಬಂತು: "ಬಿಸಿಲಿಗೆ ಎದುರು ನಿಂತ್ಕೊಂಡು ತೆಗ್ದಿದೀಯ, ಮೇಲಿನ ಜಾಯಿಂಟು ಒಂಚೂರೂ ಕಾಣ್ತಿಲ್ಲ. ಸಾಯಂಕಾಲ ಆಚೆ ಕಡೆಯಿಂದ ಹೋಗಿ ಇನ್ನೊಂದ್ಸಲ ತೆಗಿ." ಮಗಳು ಸೀಟ್ ಬೆಲ್ಟ್ ಬಿಚ್ಚಿ, ನಾನು ಇನ್ನೊಂದ್ ರೌಂಡ್ ಹೋಗ್ತೀನಿ ನೀನು ಫೋಟೋ ತೆಕ್ಕೋ ಅಂತ ಗೇಟ್ ಕಡೆ ಓಡಿದಳು.